ಹಳ್ಳಿಯ ಆಟವೂ ಯಂತ್ರದ ಬಾಯಿಯೂ

ಕಳೆದ ಬೇಸಿಗೆಯ ಜಾತ್ರೆಯ ಕಾಲಕ್ಕೆ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯವರು ತಮ್ಮ ಊರ ಸಮುದಾಯ ಭವನದಲ್ಲಿ ಕೀಚಕವಧೆಯ ಆಟವನ್ನು ಆಡುವವರಿದ್ದಾರೆಂದೂ, ನಾನು ಅವಶ್ಯವಾಗಿ ಬರಬೇಕೆಂದೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯ ವರೆಗೆ ಬಂದು ಹೇಳಿಹೋದನು. ಊರಿನ ಹೆಸರನ್ನು ಇಲ್ಲಿ ಬರೆಯುವದಿಲ್ಲ; ಯಾಕಂದರೆ ನಾನು ದೂರತಕ್ಕದ್ದು ಆ ಊರನ್ನಲ್ಲ. ಹಾನಗಲ್ಲವು ವಿರಾಟರಾಜನ ಪಟ್ಟಣವಾಗಿತ್ತೆಂಬ ಐತಿಹ್ಯವನ್ನು ಈ ಭಾಗದ ಹುಡುಗರು ಅಕ್ಷರ ಕಲಿಯುವದಕ್ಕೆ ಮೊದಲೇ ಕೇಳಿರುತ್ತಾರೆ. ಇಂಥ ನೆಲದಲ್ಲಿ ಕೀಚಕನ ಕಥೆಯೆಂದರೆ ನೆರೆಮನೆಯ ಕಥೆಯಿದ್ದ ಹಾಗೆ. ಆದಕಾರಣ ಉತ್ಸಾಹದಿಂದಲೇ ಹೋದೆನು.

ಭವನವು ಕಿಕ್ಕಿರಿದು ತುಂಬಿತ್ತು. ಪರದೆಯು ಸರಿಯಿತು. ವೇಷಗಳು ಬಾಡಿಗೆಯವಾದರೂ ಅಂದವಾಗಿದ್ದವು. ವಿರಾಟರಾಜನ ಕಿರೀಟವು ದೀಪದ ಬೆಳಕಿಗೆ ಥಳಥಳಿಸುತ್ತಿತ್ತು. ರಾಜನು ಬಾಯಿ ತೆರೆದನು. ಮಾತೂ ಬಂದಿತು, ಆದರೆ ಅವನ ಬಾಯಿಂದಲ್ಲ, ಗೋಡೆಗೆ ತೂಗುಹಾಕಿದ ಪೆಟ್ಟಿಗೆಯಿಂದ! ಮೊದಲಿಗೆ ಇದು ನನ್ನ ಕಿವಿಯ ದೋಷವೆಂದು ಬಗೆದೆನು. ಮಗ್ಗುಲಲ್ಲಿ ಕುಳಿತ ಶಿಷ್ಯನು ತಿಳಿಸಿ ಹೇಳಿದನು: ಹಾಡು, ಮಾತು, ವಾದ್ಯ, ಅಳು, ಅಟ್ಟಹಾಸ ಎಲ್ಲವನ್ನೂ ಪಟ್ಟಣದಲ್ಲಿ ಹಣ ಕೊಟ್ಟು ಬೇರೆಯವರ ಕಂಠದಲ್ಲಿ ಮೊದಲೇ ಮುದ್ರಿಸಿ ತಂದಿರುವರಂತೆ, ಊರ ಹುಡುಗರು ವೇಷ ತೊಟ್ಟು ಅದಕ್ಕೆ ಸರಿಯಾಗಿ ತುಟಿ ಅಲುಗಿಸಿದರೆ ಆಟವು ಮುಗಿಯಿತಂತೆ.

ಆಟವು ಸಭೆಯ ಪ್ರಸಂಗಕ್ಕೆ ಬಂದಿತು. ಕೀಚಕನು ಸೈರಂಧ್ರಿಯನ್ನು ರಾಜನ ಎದುರಿಗೇ ಒದ್ದನು. ಆಕೆ ಎದ್ದು, ಕೈಯನ್ನು ಮೇಲಕ್ಕೆತ್ತಿ, ನಿನ್ನ ಸಭೆಯಲ್ಲಿ ನ್ಯಾಯವೆಂಬುದುಂಟೋ ಇಲ್ಲವೋ ಎಂದು ಅರಸನನ್ನು ಕೇಳತೊಡಗಿದಳು. ಸರಿಯಾಗಿ ಆ ಹೊತ್ತಿಗೆ ವಿದ್ಯುತ್ತು ಹೋಯಿತು. ಯಾರೋ ಒಬ್ಬರು ಬ್ಯಾಟರಿ ಹಚ್ಚಿದರು. ಆ ಬೆಳಕಿನಲ್ಲಿ ಸೈರಂಧ್ರಿಯ ವೇಷದ ಹುಡುಗನು ಎತ್ತಿದ ಕೈಯನ್ನು ಇಳಿಸದೆ, ಮಾತಿಲ್ಲದ ತುಟಿಗಳನ್ನು ಇನ್ನೂ ಎರಡು ಕ್ಷಣ ಅಲುಗಿಸಿದ್ದು ಎಲ್ಲರಿಗೂ ಕಂಡಿತು. ಜನರು ನಕ್ಕರು. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ. “ಯಾಕೋ ತಮ್ಮಾ, ಮಾತು ಎಲ್ಲಿ ಇಟ್ಟು ಬಂದೀಯೋ?” ಎಂದು ಕೇಳಿದಳು. ಕಾಲು ತಾಸಿನ ಮೇಲೆ ವಿದ್ಯುತ್ತು ಮರಳಿ ಬಂದಾಗ ಯಂತ್ರವು ಎಲ್ಲಿಯೋ ಮುಂದಿನ ಭಾಗವನ್ನು ಹಿಡಿಯಿತು. ಕೀಚಕನ ಅಟ್ಟಹಾಸವು ಸೈರಂಧ್ರಿಯ ಬಾಯಿಂದ ಹೊರಟಿತು. ಜನರಿಗೆ ಮತ್ತೊಮ್ಮೆ ನಗೆ. ಆ ಮುದುಕಿಯ ಪ್ರಶ್ನೆಯೊಂದೇ ನನ್ನೊಡನೆ ಮನೆಗೆ ಬಂದಿತು. ಈ ಲೇಖನವು ಆ ಪ್ರಶ್ನೆಯ ವಿಸ್ತಾರವೆಂದು ವಾಚಕರು ತಿಳಿಯಬೇಕು.

ಇದು ಒಂದೇ ಊರಿನ ಮಾತಾಗಿದ್ದರೆ ಪತ್ರಿಕೆಯ ಪುಟಗಳನ್ನು ವ್ಯರ್ಥ ಮಾಡುತ್ತಿರಲಿಲ್ಲ. ಶಾಲೆಗಳ ಸ್ನೇಹ ಸಮ್ಮೇಲನಗಳಲ್ಲಿ ಮಕ್ಕಳು ಮುದ್ರಿಸಿದ ಹಾಡಿಗೆ ಬಾಯಿ ಆಡಿಸುತ್ತ ಕುಣಿಯುವದು ಈಗ ರೂಢಿಯಾಗಿಬಿಟ್ಟಿದೆ. ಆ ರೂಢಿಯನ್ನು ತಂದವರು ಮಕ್ಕಳಲ್ಲ, ಮಾಸ್ತರರಾದ ನಾವು. ಹಾಡು ಕಲಿಸುವ ಶ್ರಮವು ತಪ್ಪಿತು, ತಾಳ ತಪ್ಪುವ ಭಯವು ತಪ್ಪಿತು, ಬಂದ ಅತಿಥಿಗಳು ಚಪ್ಪಾಳೆ ತಟ್ಟಿದರು, ಸಾಲದೆ? ಅಂಥ ಶಾಲೆಗಳಲ್ಲಿ ಬೆಳೆದ ಹುಡುಗರು ಪ್ರಾಯಕ್ಕೆ ಬಂದು ಜಾತ್ರೆಯ ಆಟಕ್ಕೆ ನಿಂತರೆ ತುಟಿ ಅಲುಗಿಸುವದನ್ನಲ್ಲದೆ ಮತ್ತೇನನ್ನು ಮಾಡಿಯಾರು? ಬಿತ್ತಿದವರು ನಾವು, ಬೆಳೆಯನ್ನು ನೋಡಿ ಮೂಗು ಮುರಿಯುವದು ನಮಗೆ ಶೋಭಿಸದು.

ನನ್ನ ವಾದವಿಷ್ಟೆ: ಹಳ್ಳಿಯ ಆಟವು ನೋಡುವವರ ವಿನೋದಕ್ಕಾಗಿ ಮಾತ್ರ ಇರುವದಲ್ಲ, ಆಡುವವನ ಬಾಯಿಗಾಗಿಯೂ ಇರುವದು. ವರುಷವೆಲ್ಲ ಕುಂಟೆ ಹೊಡೆಯುವವನು, ಸಾವುಕಾರನ ಎದುರಿಗೂ ಕಚೇರಿಯ ಕಟ್ಟೆಯ ಮೇಲೂ ಬಾಯಿ ಬಿಡಲು ಅಂಜುವವನು, ಒಂದು ರಾತ್ರಿ ಕಿರೀಟ ಹೊತ್ತು ಸಾವಿರ ಜನರ ಮುಂದೆ ಎದೆಯೆತ್ತಿ ಮಾತಾಡುವನು. ಆ ಮಾತು ಮರುದಿನ ಅವನೊಡನೆ ಹೊಲಕ್ಕೂ ಹೋಗುವದು, ಕಚೇರಿಗೂ ಹೋಗುವದು. ಮಾತನ್ನು ತೆಗೆದು ವೇಷವನ್ನಷ್ಟೇ ಉಳಿಸಿದ ಆಟದಿಂದ ಆ ಮನುಷ್ಯನಿಗೆ ದಕ್ಕುವದೇನು? ಬಾಡಿಗೆಯ ಬಟ್ಟೆಯು ಮರುದಿನ ಅಂಗಡಿಗೆ ಮರಳುವದು. ಬಾಡಿಗೆಯ ಮಾತೂ ಅದರ ಹಿಂದೆಯೇ ಮರಳುವದು.

ಈ ವಾದವು ಕೇವಲ ಮುದುಕನ ಹಳಹಳಿಕೆಯೆಂದು ತಿಳಿಯುವವರಿಗೆ ಶಾಸ್ತ್ರದ ಒಂದು ಕಥೆಯನ್ನು ನೆನಪಿಸುವೆನು. ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಬ್ರಹ್ಮನು ಎಲ್ಲ ವರ್ಣದವರಿಗೂ ಸಲ್ಲತಕ್ಕ ಐದನೆಯ ವೇದವನ್ನು ನಿರ್ಮಿಸಿದನು. ಅದಕ್ಕಾಗಿ ಋಗ್ವೇದದಿಂದ ಪಾಠ್ಯವನ್ನೂ, ಸಾಮದಿಂದ ಗೀತವನ್ನೂ, ಯಜುಸ್ಸಿನಿಂದ ಅಭಿನಯವನ್ನೂ, ಅಥರ್ವದಿಂದ ರಸವನ್ನೂ ತೆಗೆದುಕೊಂಡನು. ಪಾಠ್ಯ, ಅಂದರೆ ಮಾತು, ಮೊದಲನೆಯದು. ಮುಂದೆ ಇಂದ್ರಧ್ವಜದ ಉತ್ಸವದಲ್ಲಿ ಮೊದಲ ಪ್ರಯೋಗವಾಯಿತು. ತಮ್ಮ ಸೋಲನ್ನು ರಂಗದಲ್ಲಿ ಕಂಡು ಕೆರಳಿದ ದೈತ್ಯರು ವಿಘ್ನಗಳೊಡನೆ ಕೂಡಿ ಮಾಯೆಯನ್ನು ಬೀಸಿದರು. ಆ ಮಾಯೆಯು ಕೆಡಿಸಿದ್ದೇನು? ನಟರ ಕಿರೀಟಗಳನ್ನಲ್ಲ, ಬಣ್ಣವನ್ನಲ್ಲ. ಅವರ ಮಾತು, ಅವರ ಚಲನೆ, ಅವರ ಸ್ಮೃತಿ, ಈ ಮೂರನ್ನು ಅದು ಸ್ತಂಭಿಸಿತು. ಇಂದ್ರನು ಧ್ವಜದಂಡದಿಂದ ಆ ವಿಘ್ನಗಳನ್ನು ಜರ್ಜರಗೊಳಿಸಿದನು. ಮತ್ತೆ ಹಾಗಾಗದಿರಲೆಂದು ವಿಶ್ವಕರ್ಮನು ನಾಟ್ಯಗೃಹವನ್ನು ಕಟ್ಟಿದನು. ವಾಚಕರು ವಿಚಾರ ಮಾಡಿ ನೋಡಲಿ. ನಾಟ್ಯಗೃಹವು ಹುಟ್ಟಿದ್ದೇ ನಟನ ಮಾತನ್ನೂ ನೆನಪನ್ನೂ ಕಾಯುವದಕ್ಕಾಗಿ. ನಾವೋ, ಊರೂರಿಗೆ ಸಮುದಾಯ ಭವನಗಳನ್ನು ಕಟ್ಟಿಸಿ, ವಿಘ್ನವನ್ನು ಹಣ ತೆತ್ತು ಒಳಗೆ ಕರೆದು, ಗೋಡೆಗೆ ತೂಗುಹಾಕಿದ್ದೇವೆ. ಚಲನೆಯೊಂದನ್ನು ಹುಡುಗರಿಗೆ ಬಿಟ್ಟು ಮಾತನ್ನೂ ಸ್ಮೃತಿಯನ್ನೂ ಅದರ ಬಾಯಿಗೆ ಹಾಕಿದ್ದೇವೆ.

ಇನ್ನು ಎದುರು ಪಕ್ಷದವರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯವರು ತಿಳಿದವರು. ಅವರು ಹೇಳುವದೇನಂದರೆ, ಮಾತಿಲ್ಲದ ಅಭಿನಯವು ಹೊಸದಲ್ಲ, ಕೀಳೂ ಅಲ್ಲ. ಆಂಗಿಕವನ್ನು ಭರತನೇ ಹೇಳಿಲ್ಲವೆ? ಕಥಕಳಿಯ ನಟನು ಮಾತಾಡುವನೆ? ಈ ಮಾತು ನಿಜ. ಕಥಕಳಿಯಲ್ಲಿ ಹಾಡುವವರು ಬೇರೆ, ಅಭಿನಯಿಸುವವನು ಬೇರೆ. ಆದರೆ ಅಲ್ಲಿಯ ನಟನು ಮಾತಾಡುತ್ತಿರುವೆನೆಂದು ನಟಿಸುವದಿಲ್ಲ. ಅವನ ಕೈಗಳೂ ಕಣ್ಣುಗಳೂ ಮಾತಾಡುತ್ತವೆ, ಮತ್ತು ಅದಕ್ಕಾಗಿ ಅವನು ವರುಷಗಟ್ಟಲೆ ಮೈ ಸವೆಸಿರುತ್ತಾನೆ. ಪ್ರಾಚೀನ ರೋಮಿನಲ್ಲಿಯೂ ಪ್ಯಾಂಟೊಮೈಮ್ ಎಂಬ ಮೂಕಾಭಿನಯವಿತ್ತು. ಹಿಂದೆ ಮೇಳವು ಹಾಡುತ್ತಿತ್ತು, ಮುಂದೆ ಒಬ್ಬನೇ ನಟನು ಎಲ್ಲ ಪಾತ್ರಗಳನ್ನೂ ಕುಣಿದು ತೋರಿಸುತ್ತಿದ್ದನು. ಅವನ ಮುಖವಾಡದ ಬಾಯಿಯು ಮುಚ್ಚಿಯೇ ಇರುತ್ತಿತ್ತು. ಇದೇ ಪ್ರಾಮಾಣಿಕತೆ! ಮಾತಾಡದವನ ಬಾಯಿ ಮುಚ್ಚಿರಬೇಕು. ಆ ಹೆಸರನ್ನೇ ಇಟ್ಟುಕೊಂಡು ಇಂಗ್ಲಂಡದ ಹಳ್ಳಿಗಳಲ್ಲಿ ಕ್ರಿಸ್ಮಸ್ಸಿನ ಕಾಲಕ್ಕೆ ಊರವರೇ ಊರ ಭವನದಲ್ಲಿ ಒಂದು ಆಟವಾಡುವರು. ಗಂಡಸು ಮುದುಕಿಯ ವೇಷ ಹಾಕುವನು, ಊರ ಸುದ್ದಿಯನ್ನೆತ್ತಿ ಚೇಷ್ಟೆ ಮಾಡುವನು, ಕುಳಿತ ಜನರು ಕೂಗಿ ಉತ್ತರ ಕೊಡುವರು. ಹೆಸರು ಮೂಕಾಟದ್ದು, ಆಟವೆಲ್ಲ ಮಾತಿನದು! ನಮ್ಮಲ್ಲಿ ಆದದ್ದು ಇದಕ್ಕೆ ವಿಪರೀತ: ಹೆಸರು ಮಾತಿನಾಟದ್ದು, ಆಡಿದ್ದು ಮೂಕಾಟ.

ನಮ್ಮ ದೊಡ್ಡಾಟದಲ್ಲಿ ಭಾಗವತನು ಹಾಡುವನು, ವೇಷಧಾರಿಯು ಕುಣಿಯುವನು, ಅದೂ ಹೀಗೆಯೇ ಅಲ್ಲವೆ ಎಂದು ಕೇಳುವವರುಂಟು. ಅಲ್ಲ. ಭಾಗವತನಿಗೆ ಕಣ್ಣಿದೆ, ವೇಷದ ಹೆಜ್ಜೆಯನ್ನು ನೋಡಿ ಪದವನ್ನು ಎಳೆಯುತ್ತಾನೆ, ಮೊಟಕು ಮಾಡುತ್ತಾನೆ. ಕುಣಿತ ಮುಗಿದ ಮೇಲೆ ಸಾರಥಿಯು ಎದುರಿಗೆ ಬಂದು ನೀವು ದಾರು, ಎತ್ತಣವರು ಎಂದು ಕೇಳಿದರೆ ವೇಷಧಾರಿಯು ತನ್ನ ಬಾಯಿಂದಲೇ ತನ್ನ ಹೆಸರನ್ನೂ ಕುಲವನ್ನೂ ಪರಾಕ್ರಮವನ್ನೂ ಹೇಳಿಕೊಳ್ಳಬೇಕು. ನೀನು ಯಾರೆಂದು ಕೇಳಿದಾಗ ಉತ್ತರ ಕೊಡುವದೇ ನಮ್ಮ ಆಟದ ಮೊದಲ ಪಾಠವಾಗಿದೆ. ಪೆಟ್ಟಿಗೆಗೆ ಕಣ್ಣಿಲ್ಲ. ನಟನು ಎಡವಿದರೂ ಅದು ನಿಲ್ಲದು. ಜನರು ಕಣ್ಣೀರಿಟ್ಟರೂ ಕಾಯದು. ಒನ್ಸ್ ಮೋರ್ ಎಂದರೆ ಅದಕ್ಕೆ ತಿಳಿಯದು.

ಎರಡನೆಯವರು ವ್ಯವಹಾರ ಬಲ್ಲವರು. ಹುಡುಗರಿಗೆ ಪುರಸತ್ತೆಲ್ಲಿ? ಅರ್ಧ ಮಂದಿ ಬೆಂಗಳೂರಲ್ಲಿ, ಗೋವೆಯಲ್ಲಿ ದುಡಿಯುವರು. ಜಾತ್ರೆಗೆ ನಾಲ್ಕು ದಿನ ಮೊದಲು ಬರುವರು. ಎರಡು ತಿಂಗಳ ತಾಲೀಮು ಆಗುವ ಮಾತೆ? ಎಂದು ಇವರು ಕೇಳುವರು. ಇದು ತೂಕವುಳ್ಳ ಪ್ರಶ್ನೆ, ಹಾರಿಸಿ ಮಾತಾಡತಕ್ಕದ್ದಲ್ಲ. ಹಿಂದೆ ಸುಗ್ಗಿ ತೀರಿದ ಮೇಲೆ ಗುಡಿಯ ಪಡಸಾಲೆಯಲ್ಲಿ ರಾತ್ರಿ ತಾಲೀಮು ನಡೆಯುತ್ತಿತ್ತು. ಅಕ್ಷರ ಬಾರದವರು ಮಾಸ್ತರನ ಬಾಯಿಂದ ಕೇಳಿ ಕೇಳಿ ಮಾತು ಕಲಿಯುತ್ತಿದ್ದರು. ಹಗಲಿಗೆ ಭತ್ತದ ಗದ್ದೆಯಲ್ಲಿ ಎತ್ತುಗಳಿಗೆ ಕೇಳಿಸುವಂತೆ ದುರ್ಯೋಧನನ ಮಾತನ್ನು ಒಪ್ಪಿಸುತ್ತಿದ್ದರು. ಆ ಕಾಲವು ಮರಳಿ ಬರಲಾರದು. ಆದರೆ ಪುರಸತ್ತು ಕಡಿಮೆಯಾದರೆ ಆಟವನ್ನು ಕಡಿಮೆ ಮಾಡಬೇಕೇ ಹೊರತು ಬಾಯಿಯನ್ನಲ್ಲ. ಬೆಳಗಿನ ವರೆಗೆ ಆಡುವ ಕೀಚಕವಧೆ ಆಗದಿದ್ದರೆ ಸಭೆಯ ಪ್ರಸಂಗವೊಂದನ್ನೇ ಒಂದು ತಾಸು ಆಡಲಿ. ಮಾತು ಮರೆತರೆ ಪರದೆಯ ಹಿಂದಿನಿಂದ ಒಬ್ಬನು ಎತ್ತಿಕೊಡಲಿ. ತೊದಲಿದರೆ ತೊದಲಲಿ. ಸ್ವಂತ ಬಾಯಿಯ ತೊದಲು ಕೂಡ ನಟನದೇ. ಬಾಡಿಗೆಯ ಬಾಯಿಯ ನಿರರ್ಗಳತೆಯು ಯಾರದೂ ಅಲ್ಲ.

ನಾನು ಯಂತ್ರದ ವೈರಿಯೆಂದು ಯಾರೂ ತಿಳಿಯಬಾರದು. ಧ್ವನಿವರ್ಧಕವು ಇದ್ದ ಧ್ವನಿಯನ್ನು ಹಿರಿದು ಮಾಡುವದು. ಅದು ಊರುಗೋಲಿದ್ದಂತೆ, ಇರಲಿ. ಇದ್ದ ಧ್ವನಿಯನ್ನು ತಳ್ಳಿ ಅದರ ಜಾಗದಲ್ಲಿ ಕೂಡ್ರುವ ಮುದ್ರಿಕೆಯು ಕಾಲಿನ ಬದಲಾಗಿ ನಡೆಯಹೊರಟ ಕೋಲು.

ಮೂರನೆಯವರ ಆಕ್ಷೇಪಕ್ಕೆ ಉತ್ತರ ಕೊಡುವ ಮೊದಲು ನನ್ನದೊಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಹಳ್ಳಿಗರ ಮಾತು ಅಶುದ್ಧ, ಹಾಸ್ಯವು ಅಸಭ್ಯ, ಮುದ್ರಿಸಿ ತಂದರೆ ಶುದ್ಧವಾಗಿಯಾದರೂ ಇರುವದು ಎಂಬದು ಅವರ ವಾದ. ಸುಮಾರು ಮೂವತ್ತೈದು ವರುಷಗಳ ಹಿಂದೆ ಹಿರೇಕೆರೂರ ತಾಲೂಕಿನ ಒಂದು ಊರಲ್ಲಿ ನಾನೂ ಇದೇ ವಾದವನ್ನು ಮಾಡಿದೆನು. ಪಾಠಶಾಲೆಯಿಂದ ಹೊರಬಿದ್ದ ಹೊಸತು. ವ್ಯಾಕರಣದ ಮದವು ನೆತ್ತಿಗೇರಿತ್ತು. ಊರವರು ಆಟವನ್ನು ತಿದ್ದಿಕೊಡಿರೆಂದು ನನ್ನನ್ನು ಕೇಳಿದರು. ಸಾರಥಿಯ ಪಾತ್ರವನ್ನು ಒಬ್ಬ ಮಧ್ಯವಯಸ್ಸಿನ ಒಕ್ಕಲಿಗನು ಮಾಡುತ್ತಿದ್ದನು. ಅವನ ಮಾತೆಲ್ಲ ಹೊಲದ ಮಾತು. ರಾಜನ ಎದುರಿಗೇ ಮಳೆಯ ಲೆಕ್ಕ, ಬೀಜದ ಬೆಲೆ, ಸೊಸೈಟಿಯ ಸಾಲಗಳನ್ನು ತಂದು ಜನರನ್ನು ನಗಿಸುವನು. ನಾನು ಅದನ್ನೆಲ್ಲ ಹೊಡೆದುಹಾಕಿ ಸಮಾಸಭೂಯಿಷ್ಠವಾದ ಹೊಸ ಮಾತುಗಳನ್ನು ಬರೆದುಕೊಟ್ಟೆನು. ಅವನು ತಕರಾರು ಮಾಡದೆ ಬಾಯಿಪಾಠ ಮಾಡಿದನು. ಆಟದ ರಾತ್ರಿ ಆ ಮಾತುಗಳನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದನು. ಸಭೆಯು ನಗಲಿಲ್ಲ, ಮಕ್ಕಳು ಮಲಗಿದರು. ಮರುವರುಷ ಆ ಊರಿನವರು ಕರೆದಾಗ ಅವನು ವೇಷ ಹಾಕಲಿಲ್ಲ. “ಮಾಸ್ತರ ಮಾತು ದೊಡ್ಡವು, ನನ್ನ ಬಾಯಿ ಸಣ್ಣದು” ಎಂದನಂತೆ. ಶಾಕುಂತಲದ ವಿದೂಷಕನು ಜಾತಿಯಿಂದ ಬ್ರಾಹ್ಮಣನಾಗಿದ್ದೂ ಪ್ರಾಕೃತವನ್ನೇ ಆಡುವನೆಂದೂ, ಅಲ್ಲಿಯ ಬೆಸ್ತನೂ ತನ್ನ ನಾಡಮಾತಿನಲ್ಲಿಯೇ ರಾಜಭಟರಿಗೆ ಉತ್ತರ ಕೊಡುವನೆಂದೂ ನಾನು ಗುರುಮುಖದಿಂದ ಓದಿ ಬಲ್ಲವನಾಗಿದ್ದೆನು. ಕಾಳಿದಾಸನು ಬೆಸ್ತನಿಗೆ ಬಿಟ್ಟುಕೊಟ್ಟ ಮಾತನ್ನು ನಾನು ಒಕ್ಕಲಿಗನಿಂದ ಕಸಿದುಕೊಂಡೆನು! ಪೆಟ್ಟಿಗೆಯು ಇಂದು ಮಾಡುತ್ತಿರುವದನ್ನು ಅಂದು ನನ್ನ ಲೇಖನಿಯು ಮಾಡಿತು. ಆದುದರಿಂದ ಮೂರನೆಯ ಪಕ್ಷದವರಿಗೆ ನಾನು ಉತ್ತರ ಕೊಡುವದು ಶತ್ರುವಿನಂತಲ್ಲ, ಆ ದಾರಿಯಲ್ಲಿ ನಡೆದು ಮುಳ್ಳು ತುಳಿದು ಬಂದವನಂತೆ.

ಹಳೆಯ ಆಟಗಳಲ್ಲಿ ಹೊಲಸು ಹಾಸ್ಯವಿತ್ತೆಂಬುದೂ, ಕೆಲವು ಜಾತಿಯವರನ್ನೂ ಹೆಣ್ಣುಮಕ್ಕಳನ್ನೂ ಹೀನೈಸುವ ಮಾತುಗಳಿದ್ದವೆಂಬುದೂ ಸುಳ್ಳಲ್ಲ. ಅವುಗಳನ್ನು ಸಮರ್ಥಿಸಲು ನಾನು ಸಿದ್ಧನಿಲ್ಲ. ಆದರೆ ಬಾಯಿಂದ ಬಂದ ಕೆಟ್ಟ ಮಾತನ್ನು ಎದುರಿಗಿದ್ದವರು ತಡೆಯಬಹುದು, ಹಿರಿಯರು ಗದರಿಸಬಹುದು, ನಟನು ನಾಚಿ ಮರುದಿನ ಬಿಡಬಹುದು. ಮುದ್ರಿಸಿ ತಂದ ಹೊಲಸಿಗೆ ನಾಚಿಕೆಯೆಂಬುದಿಲ್ಲ. ಜಾತ್ರೆಗಳಲ್ಲಿ ಈಗ ಮೊಳಗುವ ಸಿದ್ಧ ಹಾಡುಗಳನ್ನು ಕೇಳಿದವರು, ಶುದ್ಧಿಗಾಗಿ ಪೆಟ್ಟಿಗೆಯನ್ನು ತಂದೆವೆಂಬ ಮಾತನ್ನು ಮತ್ತೆ ಆಡಲಾರರು.

ಇದೆಲ್ಲವನ್ನೂ ನಮ್ಮ ನಾಲ್ಕು ತಾಲೂಕುಗಳವರಿಗೆ ಹೇಳಬೇಕಾಗಿ ಬಂದಿರುವದೇ ಸಂಕಟದ ಸಂಗತಿ. 1842ರಲ್ಲಿ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಹೋಗಿ ಆಡಿದ್ದನ್ನು ನೋಡಿ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. ಕನ್ನಡಿಗರ ಆಟದಿಂದ ಹುರುಪುಗೊಂಡ ಆ ರಂಗಭೂಮಿಯು ಬೆಳೆದು, ಅದರ ಮಂಡಳಿಗಳು ನಮ್ಮ ಧಾರವಾಡ ಸೀಮೆಗೇ ಬಂದು, ಕನ್ನಡಿಗರು ಬಾಯಿ ಮುಚ್ಚಿ ಪರಭಾಷೆಯ ನಾಟಕಗಳನ್ನು ನೋಡುವಂತಾಯಿತು. ಆಗ ಕನ್ನಡದ ಬಾಯಿಯಾಗಿ ನಿಂತವರು ಯಾರು? ಇದೇ ಹಿರೇಕೆರೂರ ತಾಲೂಕಿನ ಸಾತೇನಹಳ್ಳಿಯಲ್ಲಿ 1856ರಲ್ಲಿ ಹುಟ್ಟಿದ ಸಕ್ಕರಿ ಬಾಳಾಚಾರ್ಯರು, ಶಾಂತಕವಿಗಳು. ಅವರು ಧನಿಕರಲ್ಲ, ದರಬಾರಿನವರಲ್ಲ, ಶಾಲೆಯ ಮಾಸ್ತರರು. ‘ಉಷಾಹರಣ’ವನ್ನು ಬರೆದರು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಪರಭಾಷೆಯ ಮಾತಿಗೆ ಅವರು ಕನ್ನಡದ ಮಾತಿನಿಂದ ಉತ್ತರ ಕೊಟ್ಟರು. ಅಂದಿನ ಮಾಸ್ತರನು ನಾಡಿಗೆ ಬಾಯಿ ಕೊಟ್ಟನು. ಇಂದಿನ ಮಾಸ್ತರನು ಮಕ್ಕಳ ಬಾಯಿಗೆ ಗುಂಡಿ ಒತ್ತುವದನ್ನು ಕಲಿಸುತ್ತಿದ್ದಾನೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ, ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಪುಸ್ತಕವನ್ನು ತೆರೆದು ನೋಡಲಾರದವರು ರಾಗರಾಗಗಳನ್ನೂ ಶಾಸ್ತ್ರಗಳನ್ನೂ ಸ್ಮೃತಿಯಲ್ಲಿ ಹೊತ್ತರು; ಪುಟ್ಟರಾಜರು ನಾಟಕಗಳನ್ನೂ ರಚಿಸಿದರು; ಅವರ ಪರಂಪರೆಯ ನಾಟಕ ಸಂಘವು ಊರೂರು ತಿರುಗಿ ಅಂಧ ಅನಾಥ ಮಕ್ಕಳ ಅನ್ನಕ್ಕೆ ದಾರಿಯಾಯಿತು. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು ತೀರಿಕೊಂಡದ್ದು 1889ರಲ್ಲಿ; ಅವರ ಪದಗಳು ಇಂದಿಗೂ ಬದುಕಿರುವದು ಜನರು ಅವನ್ನು ತಮ್ಮ ಕೊರಳಿಂದ ಹಾಡುತ್ತ ಬಂದುದರಿಂದ. ಅದೇ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೂ ಇದೆ. ಸಂತೋಷವೇ ಸರಿ, ಆದರೆ ವಿಶ್ವವಿದ್ಯಾಲಯವು ಆಟವನ್ನು ಅಭ್ಯಸಿಸಬಹುದು, ಊರಿನ ಬದಲಾಗಿ ಆಡಲಾರದು. ಸವಣೂರಿನ ಎಲೆಯನ್ನು ಮೆಲ್ಲುತ್ತ ಬೆಳಗಿನ ವರೆಗೆ ಆಟ ನೋಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ಉರ್ದು ಮನೆಮಾತಿನವರೂ ಇದ್ದಾರೆ. ಇನ್ನು ಇದು ಆಗದ ಮಾತೆನ್ನುವವರು ಹಾನಗಲ್ಲ ತಾಲೂಕಿನ ಶೇಷಗಿರಿಯನ್ನು ನೋಡಿ ಬರಲಿ. ಅಲ್ಲಿಯ ಗಜಾನನ ಯುವಕ ಮಂಡಲದವರು ಹಳ್ಳಿಯಲ್ಲಿದ್ದುಕೊಂಡೇ ಹವ್ಯಾಸದಿಂದ ನಾಟಕ ಕಟ್ಟಿ, ತಮ್ಮ ಊರಿನ ಹೆಸರನ್ನು ರಂಗಭೂಮಿಯವರ ನಾಲಿಗೆಯ ಮೇಲೆ ನಿಲ್ಲಿಸಿದ್ದಾರೆ.

ಆದಕಾರಣ ನಮ್ಮ ಸಂಘದ ಸದಸ್ಯರಲ್ಲಿ ನನ್ನ ವಿಜ್ಞಾಪನೆಗಳು ನಾಲ್ಕು. ಮೊದಲನೆಯದಾಗಿ, ಮುದ್ರಿಸಿದ ಮಾತಿಗೆ ತುಟಿ ಅಲುಗಿಸುವ ಯಾವ ಪ್ರಯೋಗಕ್ಕೂ ಸಂಘವು ಬಹುಮಾನವನ್ನಾಗಲಿ ಪ್ರಶಸ್ತಿಪತ್ರವನ್ನಾಗಲಿ ಕೊಡಬಾರದು. ಎರಡನೆಯದಾಗಿ, ಸದಸ್ಯರಲ್ಲಿ ಅನೇಕರು ಶಿಕ್ಷಕರು. ಅವರು ಮುಂದಿನ ಸಮ್ಮೇಲನದಲ್ಲಿ ಒಂದೇ ಒಂದು ಹಾಡನ್ನಾದರೂ ಮಕ್ಕಳ ಕೊರಳಿಂದಲೇ ಹಾಡಿಸಬೇಕು. ಮೂರನೆಯದಾಗಿ, ಒಂದು ತಾಸಿನಲ್ಲಿ ಆಡತಕ್ಕ, ಹತ್ತು ದಿನಗಳಲ್ಲಿ ಕಲಿಯತಕ್ಕ ಸಣ್ಣ ಪ್ರಸಂಗಗಳನ್ನು ಸಂಘವು ತಿಳಿಗನ್ನಡದಲ್ಲಿ ಬರೆಯಿಸಿ ಹಳ್ಳಿಗಳಿಗೆ ಕೊಡಬೇಕು. ಸಾರಥಿಯ ಮಾತಿನ ಜಾಗವನ್ನು ಮಾತ್ರ ಬರಿದಾಗಿ ಬಿಡಬೇಕು, ಅದನ್ನು ಊರವರೇ ತುಂಬಿಕೊಳ್ಳಲಿ. ನಾಲ್ಕನೆಯದಾಗಿ, ಹೆಣ್ಣಿನ ಪಾತ್ರಕ್ಕೆ ಊರ ಹೆಣ್ಣುಮಕ್ಕಳೇ ಬರುವಂತೆ ಹಿರಿಯರು ದಾರಿ ಮಾಡಿಕೊಡಬೇಕು. ಕಾಲೇಜಿನಲ್ಲಿ ಓದುವ ಹುಡುಗಿಯರು ಪ್ರತಿ ಊರಲ್ಲಿಯೂ ಇದ್ದಾರೆ. ಸೈರಂಧ್ರಿಯು ಸಭೆಯನ್ನು ಕೇಳಿದ ಪ್ರಶ್ನೆಯನ್ನು ಅವರು ತಮ್ಮ ಬಾಯಿಂದ ಕೇಳಲಿ. ಉತ್ತರ ಕೊಡುವದು ನಮಗೆ ಕಷ್ಟವಾದರೆ ಆಗಲಿ.

ಕಡೆಯದಾಗಿ ಒಂದು ಮಾತು. ಆ ರಾತ್ರಿ ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ, ಸೈರಂಧ್ರಿಯ ವೇಷದ ಹುಡುಗನನ್ನು ಕಂಡು, ಯಾವ ಮಾತೂ ಬಾಯಿಗೆ ಬರುತ್ತಿರಲಿಲ್ಲವೇನೆಂದು ತುಸು ಬಿರುಸಾಗಿಯೇ ಕೇಳಿದೆನು. ಅವನು ಮುಖದ ಬಣ್ಣವನ್ನು ಒರೆಸಿಕೊಳ್ಳುತ್ತ ತಲೆ ತಗ್ಗಿಸಿ, “ನನಗ ಮಾತು ಯಾರೂ ಕೊಡಲೇ ಇಲ್ಲರಿ ಗುರುಗಳ. ಕೊಟ್ಟಿದ್ರ ಕಲೀತಿದ್ದೆ” ಎಂದನು.

ವಿರಾಟನ ಸಭೆಯಲ್ಲಿ ಸೈರಂಧ್ರಿಯು ಕೂಗಿಕೊಂಡಾಗ ಹಿರಿಯರು ಸುಮ್ಮನೆ ಕುಳಿತಿದ್ದರು. ಅದು ಅವರಿಗೆ ಕೀರ್ತಿಯನ್ನು ತರಲಿಲ್ಲ. ಈ ಹುಡುಗನಿಗೆ ಮಾತು ಕೊಡಬೇಕಾದ ಹಿರಿಯರು ನಾವು. ಅಲಂ ವಿಸ್ತರೇಣ.

— ಒಬ್ಬ ನಿವೃತ್ತ ಶಾಲಾಮಾಸ್ತರ